“ಸಂಜೆ ಹೊತ್ತು ಎಲ್ಲಿರುತ್ತಾನೆ?”: ಪ್ರೊಬೇಷನ್ ಅಧಿಕಾರಿಯ ಪ್ರಶ್ನೆಗಳ ಹಿಂದಿರುವ ಲೆಕ್ಕ

ಕಳೆದ ಕೊಯ್ಲಿನ ಹೊತ್ತಿನಲ್ಲಿ ಬೇಲೂರು ಕಡೆಯ ಪರಿಚಿತ ತಾಯಿಯೊಬ್ಬರು ಫೋನ್ ಮಾಡಿದರು. ಅವರ ಇಪ್ಪತ್ತೆರಡು ವರ್ಷದ ಮಗ ಇಬ್ಬರು ಗೆಳೆಯರ ಜೊತೆ ಸೇರಿ ಒಂದು ತೋಟದ ಕಣದಿಂದ ಎರಡು ಮೂಟೆ ಕಾಫಿ ಕದ್ದಿದ್ದ. ಕಳವು ಸಾಬೀತಾಯಿತು. ಆದರೆ ನ್ಯಾಯಾಲಯ ಅವನನ್ನು ಜೈಲಿಗೆ ಕಳುಹಿಸಲಿಲ್ಲ. ಸದ್ವರ್ತನೆಯ ಮುಚ್ಚಳಿಕೆ ಬರೆಸಿಕೊಂಡು, ಒಂದು ವರ್ಷ ಪ್ರೊಬೇಷನ್ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಇರಬೇಕೆಂದು ಆದೇಶಿಸಿತು. ಮನೆಯವರು ನಿಟ್ಟುಸಿರು ಬಿಟ್ಟರು. ಅಧಿಕಾರಿ ಮನೆಗೆ ಬಂದು ಹೋದ ಮೇಲೆ ಮತ್ತೆ ಆತಂಕ ಶುರುವಾಯಿತು.

“ಇವನು ಕದ್ದದ್ದು ಕಾಫಿ. ಅವರು ಕೇಳುವುದು ಮಾತ್ರ ಸಂಜೆ ಆರರ ಮೇಲೆ ಎಲ್ಲಿರುತ್ತಾನೆ, ಯಾರ ಬೈಕ್ ಹತ್ತುತ್ತಾನೆ, ಕಾಲೇಜು ಯಾವಾಗ ಬಿಟ್ಟ, ಅವರಪ್ಪ ಕುಡಿಯುತ್ತಾರೆಯೇ ಎಂದು. ಇದಕ್ಕೂ ಕೇಸಿಗೂ ಏನು ಸಂಬಂಧ ಅಣ್ಣಾ?”

ಬಹಳ ಒಳ್ಳೆಯ ಪ್ರಶ್ನೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಕೆಲವು ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯನ್ನೂ ಶಿಕ್ಷೆಯಾಗಿ ಸೇರಿಸಿದೆ. ಜೈಲಿನ ಹೊರಗೇ ಅಪರಾಧಿಯನ್ನು ತಿದ್ದುವ ಮಾತು ಅಂದಿನಿಂದ ಹೆಚ್ಚು ಕೇಳಿಬರುತ್ತಿದೆ. ಹೊರಗಿಟ್ಟುಕೊಂಡು ತಿದ್ದುವುದು ಹೇಗೆ, ಯಾರ ಮೇಲೆ ಎಷ್ಟು ಕಣ್ಣಿಡಬೇಕು, ಯಾರಿಗೆ ಯಾವ ಸಹಾಯ ಬೇಕು ಎಂಬುದನ್ನು ನಿರ್ಧರಿಸಲು ಜಗತ್ತಿನ ಹಲವು ದೇಶಗಳಲ್ಲಿ ‘ಅಪಾಯ ಮತ್ತು ಅಗತ್ಯಗಳ ಅಳತೆಪಟ್ಟಿ’ ಬಳಕೆಯಲ್ಲಿದೆ. ಆ ತಾಯಿ ಕೇಳಿಸಿಕೊಂಡ ಪ್ರಶ್ನೆಗಳೆಲ್ಲ ಆ ಪಟ್ಟಿಯಲ್ಲಿ ಸಿಗುತ್ತವೆ.

ಮೊದಲು, ಪ್ರೊಬೇಷನ್ ಎಂದರೇನು

ಜಾಮೀನು, ಪೆರೋಲ್, ಪ್ರೊಬೇಷನ್ ಮೂರನ್ನೂ ಒಂದೇ ಎಂದುಕೊಳ್ಳುವವರು ಬಹಳ. ಜಾಮೀನು ಸಿಗುವುದು ಸಾಮಾನ್ಯವಾಗಿ ತಪ್ಪು ಸಾಬೀತಾಗುವ ಮೊದಲು, ವಿಚಾರಣೆ ನಡೆಯುತ್ತಿರುವಾಗ. ಪೆರೋಲ್ ಎಂದರೆ ಜೈಲು ಸೇರಿದ ಮೇಲೆ ಷರತ್ತಿನ ಮೇಲೆ ಹೊರಬರುವುದು. ಪ್ರೊಬೇಷನ್ ಎಂದರೆ ತಪ್ಪು ಸಾಬೀತಾದ ಮೇಲೂ ಜೈಲಿಗೆ ಕಳುಹಿಸದೆ, ‘ಇಷ್ಟು ಕಾಲ ಸರಿಯಾಗಿ ಬಾಳಿ ತೋರಿಸು’ ಎಂದು ಊರಿನಲ್ಲಿಯೇ ಬಿಡುವುದು. ಕನ್ನಡದ ಸರ್ಕಾರಿ ಕಾಗದಗಳಲ್ಲಿ ಇದಕ್ಕೆ ಪರಿವೀಕ್ಷಣೆ ಎಂದೂ, ಅಧಿಕಾರಿಗೆ ಪರಿವೀಕ್ಷಣಾಧಿಕಾರಿ ಎಂದೂ ಹೆಸರು.

ನಮ್ಮಲ್ಲಿ ಇದಕ್ಕೆ ಆಧಾರ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಒಳಪಡದ ಅಪರಾಧಗಳಲ್ಲಿ, ಅಪರಾಧದ ಬಗೆ ಮತ್ತು ಅಪರಾಧಿಯ ನಡತೆಯನ್ನು ನೋಡಿ, ಮೂರು ವರ್ಷ ಮೀರದ ಅವಧಿಗೆ ಮುಚ್ಚಳಿಕೆಯ ಮೇಲೆ ಬಿಡುಗಡೆ ಮಾಡಲು ಅದರ 4ನೇ ಕಲಂ ಅವಕಾಶ ಕೊಡುತ್ತದೆ. ಮೇಲ್ವಿಚಾರಣೆಗೂ ಆದೇಶವಾದರೆ ಆ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇರುವಂತಿಲ್ಲ. ಅಪರಾಧಿಗೆ 21 ವರ್ಷ ತುಂಬಿರದಿದ್ದರೆ 6ನೇ ಕಲಂ ಇನ್ನಷ್ಟು ಬಿಗಿಯಾಗಿ ಮಾತನಾಡುತ್ತದೆ: ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿ ನೋಡಬೇಕು, ಜೈಲೇ ಆಗಬೇಕು ಎನ್ನುವುದಾದರೆ ಕಾರಣ ಬರೆಯಬೇಕು. ಅಧಿಕಾರಿಯ ಕೆಲಸ ಕಾವಲು ಕಾಯುವುದು ಮಾತ್ರ ಎಂದೂ ತಿಳಿಯಬೇಡಿ. ವಿಚಾರಿಸುವುದು, ಮೇಲ್ವಿಚಾರಣೆ ಮಾಡುವುದು, ಅಗತ್ಯವಿದ್ದರೆ ತಕ್ಕ ಕೆಲಸ ಹುಡುಕಿಕೊಡಲು ಪ್ರಯತ್ನಿಸುವುದು ಎಲ್ಲವನ್ನೂ 14ನೇ ಕಲಂ ಅವರ ಕರ್ತವ್ಯದಲ್ಲಿ ಸೇರಿಸಿದೆ.

ಈ ಪದ್ಧತಿಗೆ ಮೂಲಪುರುಷ ಎಂದು ನೆನೆಯುವುದು ಅಮೆರಿಕದ ಬಾಸ್ಟನ್ ನಗರದ ಜಾನ್ ಅಗಸ್ಟಸ್ ಎಂಬ ಚಪ್ಪಲಿ ಹೊಲಿಯುವವನನ್ನು. 1841ರಲ್ಲಿ ಅವನು ನ್ಯಾಯಾಲಯದಲ್ಲಿ ನಿಂತಿದ್ದ ಒಬ್ಬ ಕುಡುಕನ ಹೊಣೆ ಹೊತ್ತು ಹೊರಗೆ ಕರೆತಂದ. ಬೇಕಾದವರನ್ನೆಲ್ಲ ಅವನು ಹಾಗೆ ಬಿಡಿಸಲಿಲ್ಲ. ಆಳಿನ ಹಿಂದಿನ ನಡತೆ, ವಯಸ್ಸು, ಮುಂದೆ ಅವನ ಮೇಲೆ ಬೀಳುವ ಪ್ರಭಾವಗಳನ್ನು ವಿಚಾರಿಸಿಯೇ ಹೊಣೆ ಹೊರುತ್ತಿದ್ದ. ಬೇಲೂರಿನ ಮನೆಯ ಜಗುಲಿಯಲ್ಲಿ ಕೇಳಿದ ಪ್ರಶ್ನೆಗಳ ಬೇರು ಅಷ್ಟು ಹಳೆಯದು.

ಅನುಭವದ ಊಹೆಯಿಂದ ಅಂಕಪಟ್ಟಿಗೆ

ಒಬ್ಬ ಅಧಿಕಾರಿಯ ಕೈಯಲ್ಲಿ ಐವತ್ತು ಮಂದಿ ಇದ್ದಾರೆ ಎಂದುಕೊಳ್ಳಿ. ಒಬ್ಬರು ಅರಸೀಕೆರೆಯಲ್ಲಿ, ಇನ್ನೊಬ್ಬರು ಹೆತ್ತೂರಿನಲ್ಲಿ, ಮತ್ತೊಬ್ಬರು ಹೊಳೆನರಸೀಪುರದಲ್ಲಿ. ಎಲ್ಲರನ್ನೂ ವಾರವಾರ ನೋಡುವುದು ಆಗದ ಮಾತು. ಯಾರ ಮನೆಗೆ ತಿಂಗಳಿಗೆ ನಾಲ್ಕು ಸಲ ಹೋಗಬೇಕು, ಯಾರಿಗೆ ಎರಡು ತಿಂಗಳಿಗೊಂದು ಫೋನ್ ಸಾಕು?

ಬಹುಕಾಲ ಇದನ್ನು ನಿರ್ಧರಿಸಿದ್ದು ಅನುಭವ. ‘ಮುಖ ನೋಡಿದರೆ ಗೊತ್ತಾಗುತ್ತದೆ’ ಎಂಬ ನಂಬಿಕೆ. ಅನುಭವ ಬೆಲೆಯುಳ್ಳದ್ದು ನಿಜ, ಆದರೆ ಅದು ಕೈ ಕಟ್ಟಿ ನಿಂತು ಮೆಲ್ಲಗೆ ಮಾತನಾಡುವ ಹುಡುಗನನ್ನು ಒಳ್ಳೆಯವನೆಂದೂ ಎದುರುತ್ತರ ಕೊಡುವವನನ್ನು ಕೆಟ್ಟವನೆಂದೂ ಬೇಗ ತೀರ್ಮಾನಿಸಿಬಿಡುತ್ತದೆ. ಒಂದೇ ಪ್ರಕರಣದಲ್ಲಿ ಇಬ್ಬರು ಅನುಭವಿಗಳು ಎರಡು ತೀರ್ಮಾನಕ್ಕೆ ಬರುವುದೂ ಉಂಟು.

1928ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಅರ್ನೆಸ್ಟ್ ಬರ್ಜೆಸ್ ಬೇರೊಂದು ದಾರಿ ಹಿಡಿದರು. ಇಲಿನಾಯ್ ರಾಜ್ಯದಲ್ಲಿ ಪೆರೋಲ್ ಮೇಲೆ ಬಿಡುಗಡೆಯಾದ ಸುಮಾರು 3,000 ಮಂದಿಯ ಕಡತ ತೆಗೆದು, ಮತ್ತೆ ತಪ್ಪು ಮಾಡಿದವರಲ್ಲಿಯೂ ಮಾಡದವರಲ್ಲಿಯೂ ಯಾವ ಸಂಗತಿಗಳು ಬೇರೆಯಾಗಿವೆ ಎಂದು ನೋಡಿ, 21 ಅಂಶಗಳ ಒಂದು ಅಂಕಪಟ್ಟಿ ಮಾಡಿದರು. ಮುಂದೆ 1954ರಲ್ಲಿ ಮನಶ್ಶಾಸ್ತ್ರಜ್ಞ ಪಾಲ್ ಮೀಲ್, ಹಲವು ಕ್ಷೇತ್ರಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿ, ತಜ್ಞರ ಊಹೆಗಿಂತ ಇಂತಹ ಸರಳ ಲೆಕ್ಕ ಹೆಚ್ಚಾಗಿ ಸಮನಾಗಿ ಅಥವಾ ಮೇಲಾಗಿ ನಿಲ್ಲುತ್ತದೆ ಎಂದು ತೋರಿಸಿದರು.

ಆದರೆ ಆ ಹಳೆಯ ಪಟ್ಟಿಗಳಲ್ಲಿ ದೊಡ್ಡ ಕೊರತೆಯೊಂದಿತ್ತು. ಅವು ಎಣಿಸಿದ್ದು ಹೆಚ್ಚಾಗಿ ಬದಲಾಗದ ಸಂಗತಿಗಳನ್ನೇ: ಹಿಂದೆ ಎಷ್ಟು ಕೇಸು, ಮೊದಲ ತಪ್ಪು ಮಾಡಿದಾಗ ವಯಸ್ಸೆಷ್ಟು. ಹದಿನಾರರಲ್ಲಿ ತಪ್ಪು ಮಾಡಿದವನು ನಲವತ್ತಾದರೂ ‘ಹದಿನಾರರಲ್ಲಿ ತಪ್ಪು ಮಾಡಿದವನು’ ಆಗಿಯೇ ಉಳಿಯುತ್ತಾನೆ. ಅವನು ಕುಡಿತ ಬಿಟ್ಟ, ಮದುವೆಯಾದ, ದುಡಿಮೆಗೆ ಹತ್ತಿದ ಎಂಬುದು ಲೆಕ್ಕಕ್ಕೆ ಬರಲಿಲ್ಲ. 1990ರ ಹೊತ್ತಿಗೆ ಕೆನಡಾದ ಡಾನ್ ಆಂಡ್ರೂಸ್, ಜೇಮ್ಸ್ ಬಾಂಟಾ ಮತ್ತಿತರರು ಬದಲಾಗಬಲ್ಲ ಸಂಗತಿಗಳನ್ನೂ ಅಳೆಯುವ ವಿಧಾನಕ್ಕೆ ಗಟ್ಟಿ ತಳಹದಿ ಹಾಕಿದರು. ‘ಅಪಾಯ’ದ ಪಕ್ಕದಲ್ಲಿ ‘ಅಗತ್ಯ’ ಎಂಬ ಮಾತು ನೆಲೆ ನಿಂತದ್ದು ಹೀಗೆ.

ಕಾಂಡಕೊರಕ ಹೇಳಿಕೊಡುವ ಪಾಠ

ಈ ಎರಡು ಮಾತುಗಳ ವ್ಯತ್ಯಾಸವನ್ನು ನಮ್ಮ ಕಾಫಿ ಬೆಳೆಗಾರರಿಗೆ ಹೇಳುವುದು ಸುಲಭ. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕದ ಕಾಟವಿದೆ. ರೊಬಸ್ಟಾಕ್ಕೆ ಆ ಭಯ ಕಡಿಮೆ. ಗಿಡ ಅರೇಬಿಕಾ ಎನ್ನುವುದು ಬದಲಾಗದ ಸಂಗತಿ. ಆದರೆ ಈ ಹುಳು ಬಿಸಿಲು ಬೀಳುವ ಗಿಡವನ್ನು ಹೆಚ್ಚು ಇಷ್ಟಪಡುತ್ತದೆ. ನೆರಳು ಸರಿಯಾಗಿ ನಿಂತ ಕಡೆ ಅದರ ಹಾವಳಿ ಕಡಿಮೆ. ನೆರಳು ಬೆಳೆಗಾರನ ಕೈಯಲ್ಲಿರುವ ಸಂಗತಿ.

ಏಪ್ರಿಲ್–ಮೇ ತಿಂಗಳಲ್ಲಿ ಮತ್ತು ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಈ ಹುಳು ದುಂಬಿಯಾಗಿ ಹಾರುವ ಕಾಲ. ಅದಕ್ಕೆ ಮೊದಲು ಬಲ್ಲ ಬೆಳೆಗಾರ ತೋಟ ಸುತ್ತಿ, ಕಾಂಡದ ಮೇಲೆ ಉಬ್ಬುಗೆರೆ ಎದ್ದಿದೆಯೇ, ಎಲೆ ಹಳದಿಯಾಗಿದೆಯೇ ಎಂದು ನೋಡಿ ಗುರುತು ಹಾಕುತ್ತಾನೆ. ಎಲ್ಲ ಗಿಡಕ್ಕೂ ಒಂದೇ ಉಪಚಾರ ಮಾಡುವುದಿಲ್ಲ. ತೋಟದ ಯಾವ ಭಾಗದಲ್ಲಿ ಅಪಾಯ ಹೆಚ್ಚು ಎಂದು ತಿಳಿಯುವುದು ಒಂದು ಕೆಲಸ, ಅಲ್ಲಿ ನೆರಳು ಕಡಿಮೆಯೇ, ಸಡಿಲ ತೊಗಟೆ ಹೋಗುವಂತೆ ಕಾಂಡ ಉಜ್ಜಿಲ್ಲವೇ ಎಂದು ಕಾರಣ ಹುಡುಕುವುದು ಇನ್ನೊಂದು ಕೆಲಸ. ಮೊದಲನೆಯದು ಅಪಾಯದ ಅಳತೆ, ಎರಡನೆಯದು ಅಗತ್ಯದ ಅಳತೆ. ಹೋಲಿಕೆಯಲ್ಲಿ ಮನುಷ್ಯ ಗಿಡದ ಜಾಗದಲ್ಲಿದ್ದಾನೆ, ಹುಳುವಿನ ಜಾಗದಲ್ಲಿ ಅಲ್ಲ. ಇದನ್ನು ಒತ್ತಿ ಹೇಳಬೇಕೆನಿಸುತ್ತದೆ. ಹುಳು ಬಿದ್ದ ಗಿಡವನ್ನು ಬೆಳೆಗಾರ ಕಿತ್ತು ಸುಡುತ್ತಾನೆ. ಅಲ್ಲಿಗೆ ಈ ಹೋಲಿಕೆ ಮುಗಿಯುತ್ತದೆ. ತಪ್ಪಿದ ಮನುಷ್ಯನನ್ನು ಉಳಿಸಿಕೊಳ್ಳುವುದಕ್ಕೇ ಪ್ರೊಬೇಷನ್ ಇರುವುದು.

ಪಟ್ಟಿಯಲ್ಲಿ ಏನೇನು ಇರುತ್ತದೆ

ಹೆಸರಾಂತ ಪಟ್ಟಿಗಳು ಹಲವು. ಕೆನಡಾದಲ್ಲಿ ಹುಟ್ಟಿದ ಎಲ್‌ಎಸ್‌ಐ–ಆರ್ ಎಂಬುದರಲ್ಲಿ 54 ಪ್ರಶ್ನೆಗಳು, ಅದರ ನಂತರದ ರೂಪದಲ್ಲಿ 43. ಇಂಗ್ಲೆಂಡ್ ತನ್ನದೇ ಆದ ಓಎಸಿಸ್ ಎಂಬ ವ್ಯವಸ್ಥೆ ಮಾಡಿಕೊಂಡಿತು. ಹೆಸರು ಬೇರೆಯಾದರೂ ಇಂತಹ ಪಟ್ಟಿಗಳು ಹುಡುಕುವುದು ಹೆಚ್ಚುಕಡಿಮೆ ಎಂಟು ಸಂಗತಿಗಳನ್ನು: ಹಿಂದಿನ ಅಪರಾಧಗಳು, ದುಡುಕಿನ ಸ್ವಭಾವ, ತಪ್ಪನ್ನು ಸರಿ ಎನ್ನುವ ಆಲೋಚನೆ, ಸಹವಾಸ, ಮನೆಯ ಸಂಬಂಧಗಳು, ಓದು ಅಥವಾ ದುಡಿಮೆ, ಬಿಡುವಿನ ಹೊತ್ತು, ಮದ್ಯ ಮತ್ತು ಮಾದಕ ವಸ್ತು. ಗಮನಿಸಿ, ಈ ಎಂಟರಲ್ಲಿ ಹಿಂದಿನ ಅಪರಾಧ ಒಂದೇ ತಿದ್ದಲಾಗದ್ದು. ಉಳಿದ ಏಳೂ ಬದಲಾಗಬಲ್ಲವು.

ಬೇಲೂರಿನ ಹುಡುಗನನ್ನು ಈ ಪಟ್ಟಿಯ ಮುಂದೆ ನಿಲ್ಲಿಸಿ ನೋಡೋಣ. ಹಿಂದೆ ಕೇಸಿಲ್ಲ, ಆ ಸಾಲಿನಲ್ಲಿ ಅಂಕ ಸೊನ್ನೆ. ಅಧಿಕಾರಿ ಕಳವಿನ ಮಾತೆತ್ತಿದಾಗ ಅವನು ‘ಸಾಹುಕಾರರಿಗೆ ಎರಡು ಮೂಟೆ ಯಾವ ಲೆಕ್ಕ’ ಎಂದನಂತೆ. ಮನೆಯವರು ಅದನ್ನು ಹುಡುಗುತನದ ಮಾತು ಎಂದು ತಳ್ಳಿಹಾಕಿದರು, ಅಧಿಕಾರಿ ಬರೆದುಕೊಂಡರು. ಏಕೆಂದರೆ ತಪ್ಪಿಗೆ ಸಮಜಾಯಿಷಿ ಸಿದ್ಧವಿರುವವನು ಅದೇ ತಪ್ಪನ್ನು ಮತ್ತೆ ಮಾಡುವ ಸಂಭವ ಹೆಚ್ಚು. ಕಳವಿಗೆ ಜೊತೆಯಾದ ಇಬ್ಬರೊಂದಿಗೆ ಈಗಲೂ ಬೈಕಿನಲ್ಲಿ ಸುತ್ತುತ್ತಾನೆಯೇ ಎಂಬ ಪ್ರಶ್ನೆ ಬಂದದ್ದು ಸಹವಾಸದ ಸಾಲಿನಿಂದ. ಕಾಲೇಜು ಬಿಟ್ಟದ್ದು, ಕೊಯ್ಲಿನ ಮೂರು ತಿಂಗಳು ಬಿಟ್ಟರೆ ಕೆಲಸವಿಲ್ಲದ್ದು ದುಡಿಮೆಯ ಸಾಲಿನಲ್ಲಿ ಸೇರುತ್ತದೆ.

ತಾಯಿಗೆ ಎಲ್ಲಕ್ಕಿಂತ ವಿಚಿತ್ರ ಎನಿಸಿದ್ದು ಸಂಜೆಯ ಪ್ರಶ್ನೆ. ಅದು ಬಿಡುವಿನ ಹೊತ್ತಿನ ಸಾಲು. ಕ್ರಿಕೆಟ್ ಆಡುವವನು, ಭಜನೆಗೆ ಹೋಗುವವನು, ಅಂಗಡಿಯಲ್ಲಿ ಅಪ್ಪನಿಗೆ ನೆರವಾಗುವವನು ಸಂಜೆ ಮೂರು ಗಂಟೆಗಳ ಕಾಲ ಒಂದು ಕಟ್ಟಿನೊಳಗೆ ಇರುತ್ತಾನೆ. ಏನೂ ಮಾಡಲಿಲ್ಲದವನು ಬಸ್ ನಿಲ್ದಾಣದ ಹತ್ತಿರ ನಿಲ್ಲುತ್ತಾನೆ, ಅಲ್ಲಿಗೆ ಯಾರು ಬರುತ್ತಾರೋ ಅವರೇ ಗೆಳೆಯರಾಗುತ್ತಾರೆ. ಕಾಫಿ ಮೂಟೆಯ ಯೋಜನೆ ಹುಟ್ಟಿದ್ದೂ ಅಂಥದೇ ಒಂದು ಸಂಜೆ ಎಂದು ತಾಯಿಯೇ ಆಮೇಲೆ ನೆನೆಸಿಕೊಂಡರು.

ಬಡತನ ಈ ಎಂಟರಲ್ಲಿ ಒಂದು ಸಾಲಾಗಿಲ್ಲ. ದುಃಖ, ಆತಂಕ, ಕೀಳರಿಮೆಗಳೂ ಇಲ್ಲ. ಅವು ನೋವಿನ ಸಂಗತಿಗಳು, ನೆರವು ಬೇಕಾದ ಸಂಗತಿಗಳು. ಆದರೆ ತಪ್ಪು ಮರುಕಳಿಸುವುದನ್ನು ಅವು ನೇರವಾಗಿ ಅಷ್ಟಾಗಿ ಸೂಚಿಸುವುದಿಲ್ಲ ಎನ್ನುವುದು ಈ ವಿಧಾನದ ನಿಲುವು.

ಅಂಕ ಬಂದ ಮೇಲೆ

ಅಂಕ ಕೂಡಿಸಿ ಕಡಿಮೆ, ಮಧ್ಯಮ, ಹೆಚ್ಚು ಎಂದು ವಿಂಗಡಿಸುವುದು ಅರ್ಧ ಕೆಲಸ. ಅದರ ಮೇಲೆ ಮೂರು ನಿರ್ಧಾರಗಳಾಗಬೇಕು. ಅಪಾಯ ಎಷ್ಟೋ ಅಷ್ಟೇ ನಿಗಾ ಇರಬೇಕು. ಯಾವ ಸಾಲಿನಲ್ಲಿ ಅಂಕ ಏರಿದೆಯೋ ಆ ಸಾಲಿಗೇ ಉಪಚಾರವಾಗಬೇಕು. ಮತ್ತು ಆ ಉಪಚಾರ ಆಳಿಗೆ ಒಗ್ಗುವಂತೆ ಇರಬೇಕು.

ಮೊದಲನೆಯದರಲ್ಲಿ ಅಚ್ಚರಿಯೊಂದು ಅಡಗಿದೆ. ಹೆಚ್ಚು ನಿಗಾ ಎಲ್ಲರಿಗೂ ಒಳ್ಳೆಯದೇ ಎಂದು ನಮಗೆ ಅನ್ನಿಸುತ್ತದೆ. ಅಮೆರಿಕದ ಒಹಾಯೊ ರಾಜ್ಯದಲ್ಲಿ ತಿದ್ದುಪಡಿ ಕೇಂದ್ರಗಳಿಗೆ ಹೋದವರನ್ನು ಲೋವೆನ್‌ಕ್ಯಾಂಪ್ ಮತ್ತು ಲಟೆಸ್ಸಾ ಎಂಬ ಸಂಶೋಧಕರು ಅಧ್ಯಯನ ಮಾಡಿ 2002ರಲ್ಲಿ ವರದಿ ಕೊಟ್ಟರು. ಹೆಚ್ಚು ಅಪಾಯದವರಿಗೆ ಅಂತಹ ಬಿಗಿ ಕಾರ್ಯಕ್ರಮದಿಂದ ಅನುಕೂಲವಾಗಿತ್ತು. ಕಡಿಮೆ ಅಪಾಯದವರು ಮಾತ್ರ ಕಾರ್ಯಕ್ರಮದಿಂದಾಗಿ ಇನ್ನಷ್ಟು ಹಾಳಾಗುವುದು ಕಂಡುಬಂತು. ಕಾರಣ ಊಹಿಸಲು ಕಷ್ಟವಿಲ್ಲ. ಕೂಲಿಗೆ ಹೋಗುವ ಹುಡುಗನನ್ನು ಸಕಲೇಶಪುರದಿಂದ ಸುಮಾರು 40 ಕಿ.ಮೀ. ದೂರದ ಹಾಸನಕ್ಕೆ ವಾರಕ್ಕೆರಡು ಸಲ ಕರೆಸಿದರೆ ಮೇಸ್ತ್ರಿ ಅವನನ್ನು ಕೆಲಸದಿಂದ ತೆಗೆಯುತ್ತಾನೆ. ಕಾಯುವ ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಪಳಗಿದ ಕಳ್ಳನೊಬ್ಬ ಕುಳಿತಿರುತ್ತಾನೆ. ಅವನನ್ನು ನೇರವಾಗಿ ಇಟ್ಟಿದ್ದ ದುಡಿಮೆ ಹೋಯಿತು, ಹೊಸ ಸಹವಾಸ ಸಿಕ್ಕಿತು.

ಮೂರನೆಯ ನಿರ್ಧಾರವನ್ನು ಮರೆಯುವುದು ಸುಲಭ. ಓದು ಬಾರದವನ ಕೈಗೆ ಕುಡಿತದ ಕೆಡುಕು ವಿವರಿಸುವ ಪುಸ್ತಿಕೆ ಕೊಟ್ಟು ಫಲವಿಲ್ಲ. ತೋಟದ ಲೈನ್ ಮನೆಯಲ್ಲಿರುವ, ತಮಿಳು ಅಥವಾ ಅಸ್ಸಾಮಿ ಮಾತ್ರ ಬಲ್ಲ ಕಾರ್ಮಿಕನಿಗೆ ಕನ್ನಡದ ಆಪ್ತಸಮಾಲೋಚನೆ ತಲುಪುವುದಿಲ್ಲ. ಕೊಯ್ಲಿನ ದಿನಗಳಲ್ಲಿ ಭೇಟಿಯನ್ನು ವಾರದ ರಜೆಗೆ ಬದಲಿಸುವುದು ಸಣ್ಣ ಸಂಗತಿಯಂತೆ ಕಾಣುತ್ತದೆ. ಹುಡುಗ ಬರುತ್ತಾನೋ ತಪ್ಪಿಸಿಕೊಳ್ಳುತ್ತಾನೋ ಎಂಬುದು ಎಷ್ಟೋ ಸಲ ಅಷ್ಟರಲ್ಲೇ ತೀರ್ಮಾನವಾಗುತ್ತದೆ.

ಪಟ್ಟಿಯನ್ನು ಒಮ್ಮೆ ತುಂಬಿ ಬೀರುವಿನಲ್ಲಿ ಇಡುವುದಲ್ಲ. ಕೆಲವು ತಿಂಗಳಿಗೊಮ್ಮೆ, ಅಥವಾ ಕೆಲಸ ಸಿಕ್ಕಾಗ, ಮನೆಯಲ್ಲಿ ಸಾವಾದಾಗ, ಮತ್ತೆ ಕುಡಿತ ಶುರುವಾದಾಗ ಹೊಸದಾಗಿ ಅಳೆಯಬೇಕು. ಅಂಕ ಹೇಳುವುದಕ್ಕೂ ಕಣ್ಣೆದುರು ಕಾಣುವುದಕ್ಕೂ ತಾಳೆಯಾಗದಿದ್ದರೆ, ಕಾರಣ ಬರೆದು ಅಂಕವನ್ನು ಮೀರಿ ನಿರ್ಧರಿಸಲು ಅಧಿಕಾರಿಗೆ ಅವಕಾಶವಿರುತ್ತದೆ. ಮನೆಯೊಳಗಿನ ಹಿಂಸೆಯಂಥ ಪ್ರಕರಣಗಳಿಗೆ ಪಟ್ಟಿಯೇ ಬೇರೆ. ಅಲ್ಲಿ ತಪ್ಪು ಮರುಕಳಿಸುವ ಸಂಭವದಷ್ಟೇ, ಮರುಕಳಿಸಿದರೆ ಹೆಂಡತಿ ಮಕ್ಕಳಿಗೆ ಆಗುವ ಹಾನಿ ಎಷ್ಟು ಭೀಕರ ಎಂಬುದೂ ಮುಖ್ಯ.

ಅಂಕವನ್ನು ಎಷ್ಟು ನಂಬಬೇಕು

‘ಹೆಚ್ಚು ಅಪಾಯ’ ಎಂದರೆ ‘ಇವನು ಖಂಡಿತ ಮತ್ತೆ ಕದಿಯುತ್ತಾನೆ’ ಎಂದಲ್ಲ. ಇಂತಹದೇ ಅಂಕ ಪಡೆದ ನೂರು ಜನರಲ್ಲಿ, ಲೆಕ್ಕಕ್ಕೆ ಹೇಳುವುದಾದರೆ, ಅರವತ್ತು ಜನ ಮತ್ತೆ ತಪ್ಪು ಮಾಡಿದ್ದಾರೆ ಎಂದಷ್ಟೇ ಅದರ ಅರ್ಥ. ನಮ್ಮ ಹುಡುಗ ಆ ಅರವತ್ತರಲ್ಲಿ ಒಬ್ಬನೋ ಉಳಿದ ನಲವತ್ತರಲ್ಲಿ ಒಬ್ಬನೋ ಎಂಬುದನ್ನು ಪಟ್ಟಿ ಹೇಳಲಾರದು. ಮತ್ತೆ ತಪ್ಪು ಮಾಡಿದ ಒಬ್ಬನನ್ನೂ ಮಾಡದ ಒಬ್ಬನನ್ನೂ ಎದುರಿಟ್ಟರೆ, ಒಳ್ಳೆಯ ಪಟ್ಟಿಗಳು ನೂರರಲ್ಲಿ ಸುಮಾರು 65ರಿಂದ 75 ಸಲ ಮೊದಲಿನವನಿಗೆ ಹೆಚ್ಚು ಅಂಕ ಕೊಡುತ್ತವೆ. ನಾಣ್ಯ ಚಿಮ್ಮುವುದಕ್ಕಿಂತ ಇದು ಎಷ್ಟೋ ಮೇಲು, ಭವಿಷ್ಯವಾಣಿಗಿಂತ ಎಷ್ಟೋ ಕೆಳಗೆ.

ಇದಕ್ಕಿಂತ ದೊಡ್ಡ ಚಿಂತೆ ಪಕ್ಷಪಾತದ್ದು. ಅಮೆರಿಕದಲ್ಲಿ ಕಾಂಪಸ್ ಎಂಬ ಗಣಕ ಆಧಾರಿತ ಪಟ್ಟಿಯನ್ನು 2016ರಲ್ಲಿ ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ ಪರಿಶೀಲಿಸಿತು. ಫ್ಲಾರಿಡಾದ ಒಂದು ಕೌಂಟಿಯಲ್ಲಿ, ಮುಂದೆ ಯಾವ ತಪ್ಪೂ ಮಾಡದವರ ಪೈಕಿ ‘ಅಪಾಯ ಹೆಚ್ಚು’ ಎಂಬ ಹಣೆಪಟ್ಟಿ ಹೊತ್ತವರು ಕಪ್ಪು ವರ್ಣೀಯರಲ್ಲಿ ಶೇ 44.9, ಬಿಳಿಯರಲ್ಲಿ ಶೇ 23.5. ಒಂದೇ ಅಂಕ ಪಡೆದ ಕಪ್ಪು ವರ್ಣೀಯರೂ ಬಿಳಿಯರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮತ್ತೆ ತಪ್ಪು ಮಾಡಿದ್ದಾರೆ, ಹಾಗಾಗಿ ಪಟ್ಟಿ ಸರಿಯಿದೆ ಎಂದು ತಯಾರಕ ಕಂಪನಿ ವಾದಿಸಿತು. ಎರಡು ಗುಂಪುಗಳ ದಾಖಲೆಯಲ್ಲಿ ಮತ್ತೆ ತಪ್ಪು ಮಾಡಿದವರ ಪ್ರಮಾಣವೇ ಬೇರೆಯಾಗಿರುವಾಗ ಈ ಎರಡು ಬಗೆಯ ನ್ಯಾಯವನ್ನೂ ಒಟ್ಟಿಗೆ ಸಾಧಿಸಲು ಬರುವುದಿಲ್ಲ ಎಂದು ಗಣಿತ ಬಲ್ಲವರು ತೋರಿಸಿದರು. ಅದೇ ವರ್ಷ ವಿಸ್ಕಾನ್ಸಿನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಲೂಮಿಸ್ ಪ್ರಕರಣದಲ್ಲಿ, ನ್ಯಾಯಾಧೀಶರು ಇಂತಹ ಅಂಕವನ್ನು ನೋಡಬಹುದು, ಆದರೆ ಶಿಕ್ಷೆಯನ್ನು ಅದೊಂದರಿಂದಲೇ ತೀರ್ಮಾನಿಸುವಂತಿಲ್ಲ ಎಂದು ಹೇಳಿತು.

ನಮಗೆ ಈ ಚಿಂತೆ ಪರದೇಶದ ಸುದ್ದಿಯಲ್ಲ. 1871ರ ಕ್ರಿಮಿನಲ್ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಗುರುತಿಸಿತ್ತು. ದೇಶದಾದ್ಯಂತ ಅದು ರದ್ದಾದದ್ದು 1952ರಲ್ಲಿ. ಪೊಲೀಸರು ಹೆಚ್ಚಾಗಿ ಹೋಗುವ ಕೇರಿಯಲ್ಲಿ ದಾಖಲೆಗಳೂ ಹೆಚ್ಚು ಇರುತ್ತವೆ. ಆ ದಾಖಲೆಯನ್ನೇ ಅಂಕ ಮಾಡಿದರೆ ಹಳೆಯ ಅನ್ಯಾಯ ಹೊಸ ಕಾಗದದಲ್ಲಿ ಬರೆದಂತಾಗುತ್ತದೆ.

ಇನ್ನೊಂದು ತೊಡಕು ನಮ್ಮ ಮಲೆನಾಡಿಗೇ ವಿಶೇಷವಾದದ್ದು. ಪದೇ ಪದೇ ವಿಳಾಸ ಬದಲಿಸುವುದು, ಒಂದೇ ಕಡೆ ವರ್ಷಪೂರ್ತಿ ದುಡಿಯದಿರುವುದು ಪಾಶ್ಚಾತ್ಯ ಪಟ್ಟಿಗಳಲ್ಲಿ ಅಸ್ಥಿರತೆಯ ಗುರುತಾಗಬಹುದು. ಮೂಡಿಗೆರೆಯ ತೋಟದಲ್ಲಿ ಅರೇಬಿಕಾ ಕೊಯ್ದು, ಅಲ್ಲಿಂದ ರೊಬಸ್ಟಾ ಕೊಯ್ಲಿಗೆ ಇನ್ನೊಂದು ತೋಟಕ್ಕೆ ಹೋಗಿ, ಮುಂಗಾರಿಗೆ ಆಲೂಗಡ್ಡೆ ಬಿತ್ತನೆಗೆಂದು ಹಾಸನದ ಬಯಲಿಗೆ ಇಳಿಯುವ ಕೂಲಿಯವನಿಗೆ ಅದೇ ಸ್ಥಿರವಾದ ಬದುಕು. ಹೊರಗಿನ ಪಟ್ಟಿಯನ್ನು ಇಲ್ಲಿನ ಜನರ ಮೇಲೆ ಪರೀಕ್ಷಿಸಿ ನೋಡದೆ ಬಳಸಿದರೆ, ಶ್ರಮಜೀವಿಯೊಬ್ಬ ಕಾಗದದ ಮೇಲೆ ಅಪಾಯಕಾರಿಯಾಗಿಬಿಡುತ್ತಾನೆ.

ನಮ್ಮ ಕಾನೂನಿನಲ್ಲಿ ಇದರ ಜಾಗ

1958ರ ಕಾಯ್ದೆ ಅಂಕಗಳ ಮಾತನ್ನೇ ಆಡುವುದಿಲ್ಲ. ಅಧಿಕಾರಿಯ ವರದಿ ಗದ್ಯದಲ್ಲಿ ಬರೆಯುವ ವರದಿ. ಮಕ್ಕಳ ವಿಷಯದಲ್ಲಿ ಇನ್ನಷ್ಟು ಕಟ್ಟುನಿಟ್ಟಾದ ನಮೂನೆ ಇದೆ: ಬಾಲ ನ್ಯಾಯ ಕಾಯ್ದೆಯ 2016ರ ಮಾದರಿ ನಿಯಮಗಳ ನಮೂನೆ 6, ಸಾಮಾಜಿಕ ತನಿಖಾ ವರದಿಯದು. ಮನೆ, ಶಾಲೆ ಬಿಟ್ಟ ಕಾರಣ, ಗೆಳೆಯರು, ಅಭ್ಯಾಸಗಳು ಎಲ್ಲವನ್ನೂ ಅದು ಸಾಲುಸಾಲಾಗಿ ಕೇಳುತ್ತದೆ. ಅದನ್ನು ಆಧರಿಸಿ ನಮೂನೆ 7ರಲ್ಲಿ ಮಗುವಿನ ಆರೈಕೆ ಯೋಜನೆ ತಯಾರಾಗುತ್ತದೆ. ಅಂಕ ಇಲ್ಲದಿದ್ದರೂ, ಅಗತ್ಯ ಗುರುತಿಸಿ ಯೋಜನೆ ಮಾಡುವ ಕ್ರಮ ಅದೇ.

ಪ್ರೊಬೇಷನ್‌ನಲ್ಲಿರುವವರ ಮನೆಯವರು ಮೂರು ಕಲಂಗಳನ್ನು ತಿಳಿದಿದ್ದರೆ ಒಳ್ಳೆಯದು. 7ನೇ ಕಲಮಿನ ಪ್ರಕಾರ ಅಧಿಕಾರಿಯ ವರದಿ ಗೋಪ್ಯ. ಆದರೆ ನ್ಯಾಯಾಲಯಕ್ಕೆ ಸರಿ ಕಂಡರೆ ಅದರ ಸಾರಾಂಶವನ್ನು ಅಪರಾಧಿಗೆ ತಿಳಿಸಿ, ಅದರಲ್ಲಿರುವ ಸಂಗತಿಗೆ ಸಂಬಂಧಿಸಿದ ಸಾಕ್ಷ್ಯ ಕೊಡಲು ಅವಕಾಶ ಕೊಡಬಹುದು. ವಕೀಲರ ಮೂಲಕ ಇದನ್ನು ಕೇಳಲು ಹಿಂಜರಿಯಬೇಕಾಗಿಲ್ಲ. 12ನೇ ಕಲಮಿನ ಪ್ರಕಾರ, ಈ ಕಾಯ್ದೆಯಡಿ ಬಿಡುಗಡೆಯಾದವನಿಗೆ ಆ ಅಪರಾಧದ ಕಾರಣದಿಂದ ಕಾನೂನಿನಲ್ಲಿ ಬರುವ ಅನರ್ಹತೆ ತಟ್ಟುವುದಿಲ್ಲ. ಮುಚ್ಚಳಿಕೆ ಮುರಿದು ಮೂಲ ಅಪರಾಧಕ್ಕೇ ಶಿಕ್ಷೆಯಾದರೆ ಮಾತ್ರ ಆ ರಕ್ಷಣೆ ಉಳಿಯುವುದಿಲ್ಲ. ಇನ್ನು 8ನೇ ಕಲಂ. ಮೇಲ್ವಿಚಾರಣೆ ಇನ್ನು ಬೇಕಿಲ್ಲ ಎನ್ನುವಷ್ಟು ನಡತೆ ಸುಧಾರಿಸಿದೆ ಎಂದು ಅಧಿಕಾರಿ ಅರ್ಜಿ ಹಾಕಿ, ನ್ಯಾಯಾಲಯಕ್ಕೆ ಮನವರಿಕೆಯಾದರೆ, ಅವಧಿಗೆ ಮೊದಲೇ ಮುಚ್ಚಳಿಕೆಯಿಂದ ಬಿಡುಗಡೆ ಸಾಧ್ಯ. ಬದಲಾದ ಬದುಕನ್ನು ದಾಖಲೆಗೆ ತರುವುದು ಏಕೆ ಮುಖ್ಯ ಎಂಬುದಕ್ಕೆ ಉತ್ತರ ಇಲ್ಲಿದೆ.

ಆ ತಾಯಿಗೆ ಇದನ್ನೆಲ್ಲ ಫೋನಿನಲ್ಲಿ ಎರಡು ಸಲ ವಿವರಿಸಬೇಕಾಯಿತು. ಮೊನ್ನೆ ಅವರೇ ಮತ್ತೆ ಕರೆ ಮಾಡಿದರು. ಮಗ ಸಂಜೆ ಹೊತ್ತು ಸೋದರಮಾವನ ಗ್ಯಾರೇಜಿಗೆ ಹೋಗುತ್ತಿದ್ದಾನೆ, ರಾತ್ರಿ ಎಂಟೂವರೆಗೆ ಅಂಗಡಿ ಬಾಗಿಲು ಹಾಕಿ ಮಾವನ ಜೊತೆಯಲ್ಲಿಯೇ ಮನೆಗೆ ಬರುತ್ತಾನೆ. ಮುಂದಿನ ಭೇಟಿಗೆ ಮಾವನ ಕೈಯಿಂದ ಒಂದು ಪತ್ರ ಬರೆಸಿಕೊಂಡು ಹೋಗಲೇ ಎಂದು ಕೇಳಿದರು. ಬರೆಸಿ, ಕೆಲಸದ ಸಮಯವನ್ನೂ ಅದರಲ್ಲಿ ನಮೂದಿಸಲು ಹೇಳಿ ಎಂದೆ.